ಎದುರಿನವರು ಏನಂದರು?



ಐನಾಪುರದಂಥ ಊರಲ್ಲಿ ಘಟಿಕೋತ್ಸವವೇ ಎಂದು ಯಾರಾದರೂ ಹುಬ್ಬೇರಿಸಿದರೆ, ಘಟಿಕೆ ನಮ್ಮ ಸೀಮೆಗೆ ಹೊಸದಲ್ಲ ಎಂದು ಹೇಳಿ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಸುಮಾರು ಸಾವಿರ ವರ್ಷದ ಹಿಂದೆಯೇ ಘಟಿಕಾಸ್ಥಾನವೆಂಬ ದೊಡ್ಡ ವಿದ್ಯಾಕೇಂದ್ರವಿತ್ತು. ಅಲ್ಲಿಗೆ ಆಮೇಲೆ ಹೋಗೋಣ. ಮೊದಲು ನಾನು ಸೋತ ಕಥೆ ಕೇಳಿ.

ನಮ್ಮೂರವರದೊಂದು ವಾಟ್ಸಾಪ್ ಗ್ರೂಪ್ ಇದೆ. ಮೊದಮೊದಲು ಅದರಲ್ಲಿ ಮಳೆ, ತೊಗರಿ ಧಾರಣೆ, ಮದುವೆ, ಸಾವಿನ ಸುದ್ದಿ ಬರುತ್ತಿದ್ದವು. ಬರಬರುತ್ತ ಬರೀ ವಾದ. ನನ್ನ ಬಾಲ್ಯದ ಗೆಳೆಯ ಒಮ್ಮೆ ಊರ ಶಾಲೆಯ ಇಂಗ್ಲಿಷಿನ ಬಗ್ಗೆ ಏನೋ ಬರೆದ. ಕನ್ನಡ ಶಾಲೆಯಲ್ಲಿ ಓದಿ, ಕನ್ನಡವನ್ನೇ ಕಲಿಸಿ ನಿವೃತ್ತನಾದವನು ನಾನು, ಕೆರಳಿದೆ. ಅವನೂ ಬಿಡಲಿಲ್ಲ. ಮೂರು ವಾರ ನಡೆಯಿತು. ನನ್ನ ಮಾತಿಗೆ ಎಷ್ಟು ಹೆಬ್ಬೆರಳು ಬಿದ್ದವೆಂದು ಎಣಿಸುತ್ತ ನಿದ್ದೆಗೆಟ್ಟೆ. ಒಂದು ರಾತ್ರಿ ತಾಟಿನಲ್ಲಿದ್ದ ಬಿಸಿ ರೊಟ್ಟಿ ಕಡಕ್ ರೊಟ್ಟಿಯಾದರೂ ಮೊಬೈಲು ಕೆಳಗಿಟ್ಟಿರಲಿಲ್ಲ. ಮನೆಯಾಕೆ ಎದುರು ಬಂದು ಕೂತಳು. "ಆಗಿಂದ ಬರೀಲಿಕ್ಕತ್ತೀರಿ. ಅವ್ರು ಏನಂದಾರ ಅಂತ ನನಗೊಂದೀಟು ಹೇಳ್ರಿ" ಅಂದಳು.

ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ನಾನಂದದ್ದೆಲ್ಲ ನಾಲಗೆಯ ತುದಿಯಲ್ಲಿತ್ತು. ಅವನಂದದ್ದು ಒಂದೂ ನೆಟ್ಟಗೆ ನೆನಪಿರಲಿಲ್ಲ. ಮರುದಿನ ಅವನ ಮನೆಗೇ ಹೋಗಿ ಕೇಳಿದೆ. ತನ್ನ ಮೊದಲ ಸಂದೇಶ ತೆಗೆದು ತೋರಿಸಿದ. ಕನ್ನಡ ಶಾಲೆ ಬೇಡ ಎಂದು ಅವನು ಬರೆದೇ ಇರಲಿಲ್ಲ. ಇಲ್ಲೇ ಇಂಗ್ಲಿಷ್ ಚೆನ್ನಾಗಿ ಕಲಿಸುವ ಮೇಷ್ಟ್ರೊಬ್ಬರಿದ್ದರೆ ಮೊಮ್ಮಗಳನ್ನು ದಿನಾ ಬಸ್ಸು ಹತ್ತಿಸಿ ಚಿಂಚೋಳಿಗೆ ಕಳಿಸುವುದು ತಪ್ಪುತ್ತಿತ್ತು ಎಂದಿದ್ದ, ಅಷ್ಟೇ. ಮೂರು ವಾರ ನಾನು ಇಲ್ಲದ ಪೈಲ್ವಾನನ ಜೊತೆ ಕುಸ್ತಿ ಹಿಡಿದು ದಣಿದಿದ್ದೆ.

ಈಗ ನಾಗಾವಿಗೆ ಬರೋಣ. 1058ರ ಶಾಸನ ಹೇಳುವಂತೆ ಅಲ್ಲಿ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ. ಗ್ರಂಥ ಕಾಯಲು ಆರು ಮಂದಿ ಸರಸ್ವತಿ ಭಂಡಾರಿಗರು. ಶಾಸ್ತ್ರ ಕಲಿಸುವವರಲ್ಲಿ ಭಾಟ್ಟ ದರ್ಶನದವರೂ ಇದ್ದರು, ಪ್ರಾಭಾಕರ ದರ್ಶನದವರೂ ಇದ್ದರು. ಇವೆರಡೂ ಮೀಮಾಂಸೆಯ ಎದುರುಬದುರು ಪಂಥಗಳು. ವಾಕ್ಯದ ಅರ್ಥ ಹೇಗೆ ಹುಟ್ಟುತ್ತದೆ ಎಂಬಲ್ಲೇ ಒಬ್ಬರಿಗೊಬ್ಬರು ಒಪ್ಪುವವರಲ್ಲ. ಆದರೂ ಇಬ್ಬರಿಗೂ ಒಂದೇ ಘಟಿಕೆಯ ನೆರಳು. ಶಾಸ್ತ್ರದ ವಾದಕ್ಕೊಂದು ಕಟ್ಟುಪಾಡಿತ್ತು: ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಿನವನ ಮಾತನ್ನು ಅವನೇ "ಹೌದು, ನಾನಂದದ್ದು ಇದೇ" ಎಂದು ತಲೆದೂಗುವಂತೆ ಹೇಳಿದ ಮೇಲೆಯೇ ನಿನ್ನ ಉತ್ತರ. ನಮ್ಮಾಕೆ ಶಾಸ್ತ್ರ ಓದಿದವಳಲ್ಲ. ಆ ರಾತ್ರಿ ಅವಳು ಕೇಳಿದ್ದು ಮಾತ್ರ ಪೂರ್ವಪಕ್ಷವನ್ನೇ.

ಈ ಪಾಠ ಇರುವುದು ನಾಗಾವಿಯಲ್ಲಿ ಮಾತ್ರವಲ್ಲ. ಭೀಮಾ ತೀರದ ಸನ್ನತಿಗೆ ನೀವೆಲ್ಲ ಚಂದ್ರಲಾಂಬೆಯ ದರ್ಶನಕ್ಕೆ ಹೋಗಿರುತ್ತೀರಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಅಕ್ಷರ ಕಂಡವು. ಅವನ ಹನ್ನೆರಡನೆಯ ಶಿಲಾಶಾಸನವೂ ಆ ಕಲ್ಲಿನಲ್ಲಿದೆ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಮಾತಿಗೆ ಹಿಡಿತವಿರಲಿ, ಒಬ್ಬರದನ್ನೊಬ್ಬರು ಕೇಳಿಸಿಕೊಳ್ಳಿ ಎಂಬುದು ಅದರ ತಿರುಳು. ಅಂಥ ಮಾತು ಎಷ್ಟೋ ಕಾಲ ನಮ್ಮ ಪೂಜೆಯ ಅಡಿಯಲ್ಲೇ ಇತ್ತು, ಓದುವವರಿರಲಿಲ್ಲ. ಇತ್ತ ಸೇಡಂ ದಾರಿಯ ಮಳಖೇಡವಂತೂ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ', ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದನ್ನೇ ನಿಜವಾದ ಸಂಪತ್ತು ಎಂದಿತು. ಇಂಥ ಮೂರು ಊರು ನಮ್ಮ ಸುತ್ತಲೇ ಇವೆ; ಇಲ್ಲಿ ಹುಟ್ಟಿಯೂ ನಾನು ಮೂರು ವಾರ ಹಾಗೆ ಬಡಿದಾಡಿದೆ.

ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕೇ? ಖಂಡಿತ ಬೇಡ. ಕೆಲಸ, ಸೀಟುಗಳಲ್ಲಿ ನಮ್ಮ ಭಾಗದವರಿಗೆ ಮೀಸಲು ಕೊಡಿಸುವ ಸಂವಿಧಾನದ 371(ಜೆ) ವಿಧಿ ತಾನಾಗಿ ಒಲಿದು ಬಂದದ್ದಲ್ಲ. ಜನ ವರ್ಷಗಟ್ಟಲೆ ಕೇಳಿ, ವಾದಿಸಿ, ಬೀದಿಗಿಳಿದ ಮೇಲೆ 2012ರಲ್ಲಿ ಸಂಸತ್ತು ಒಪ್ಪಿತು. ನಾಳೆ ನಿಮಗೆ ಕೆಲಸವೋ ಸೀಟೋ ಸಿಕ್ಕರೆ ಅದರ ಹಿಂದೆ ಆ ವಾದದ ಋಣವಿರಬಹುದು. ಕಾಲು ಕೆರೆದು ಬರುವವರ ಮುಂದಿನಿಂದ ಎದ್ದು ಬನ್ನಿ, ಅದರಲ್ಲಿ ಅವಮಾನವಿಲ್ಲ. ಅನ್ಯಾಯದ ಎದುರು ಮಾತ್ರ ದಣಿವಿನ ನೆಪ ಹೇಳಬೇಡಿ. ಉಳಿದ ಕಡೆ ಉತ್ತರ ಕಳಿಸುವ ಮುಂಚೆ ನಮ್ಮಾಕೆಯ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ.

ಗೆಳೆಯನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಊರ ಶಾಲೆಗೆ ಇಂಗ್ಲಿಷ್ ಮೇಷ್ಟ್ರು ಬೇಕೆಂದು ಇಬ್ಬರೂ ಕೂಡಿ ಅರ್ಜಿ ಬರೆಯಲು ಕೂತೆವು. ಅದನ್ನು ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ ಎಂದು ಅರ್ಧ ತಾಸು ವಾದವಾಯಿತು. ನಡುವೆ ಎರಡು ಸಲ ಚಹಾ ಬಂತು. ಕೊನೆಗೆ ಕನ್ನಡದಲ್ಲೇ ಬರೆದೆವು. ಅಕ್ಷರ ದುಂಡಗಿದೆಯೆಂದು ಅವನೇ ಬರೆದ. ಆ ಅರ್ಧ ತಾಸಿನಲ್ಲಿ ನನಗೆ ಒಂದಿಷ್ಟೂ ದಣಿವಾಗಲಿಲ್ಲ.