ಬೇಲಿ ಗಿಡದಿಂದ ಒಲೆಗೆ ಪುಳ್ಳೆ

(ರಜತ ಮಹೋತ್ಸವದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಷೇರು, ಗೊಬ್ಬರದ ಬಗ್ಗೆ ಅಧ್ಯಕ್ಷರು ಸವಿಸ್ತಾರವಾಗಿ ಹೇಳಿದ್ದಾರೆ. ನನಗೆ ಕೊಟ್ಟಿರುವುದು ಸೌದೆ ವಿಚಾರ. ಇದರಲ್ಲೇನಿದೆ ಮಾತಾಡೋಕೆ ಅಂತ ನಗಬೇಡಿ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಹಳ ಮನೆಗೆ ಗ್ಯಾಸ್ ಬಂತು, ಸಂತೋಷ. ಆದರೆ ಸವಳಂಗದ ಸುತ್ತಮುತ್ತ ಎಷ್ಟೋ ಮನೆಯಲ್ಲಿ ಹಂಡೆ ನೀರು ಕಾಯುವುದು ಇಂದಿಗೂ ಸೌದೆಯಲ್ಲೇ. ಅಡಿಕೆ ಬೇಯಿಸುವ ಒಲೆಗಂತೂ ಎಷ್ಟು ಹಾಕಿದರೂ ಸಾಲದು. ಸಿಲಿಂಡರ್ ಖಾಲಿಯಾಗಿ ಕೈಲಿ ದುಡ್ಡಿಲ್ಲದ ವಾರ ಅಡಿಗೆಯೂ ಅದರಲ್ಲೇ.

ದಪ್ಪ ಕೊರಡು ಹೇಗೋ ಸಿಗುತ್ತದೆ. ಬೆಂಕಿ ಹತ್ತಿಸುವ ಪುಳ್ಳೆಗೇ ಪರದಾಟ. ಮಳೆಗಾಲದಲ್ಲಿ ಹೆಣ್ಣುಮಕ್ಕಳು ಊದುಗೊಳವೆ ಹಿಡಿದು ಕಣ್ಣೀರು ಸುರಿಸುವುದು ಇದಕ್ಕೇ. ಕೆಲವರು ಪ್ಲಾಸ್ಟಿಕ್ ಕವರು, ಹಳೇ ಸೈಕಲ್ ಟ್ಯೂಬು ಹಾಕಿ ಹತ್ತಿಸುತ್ತಾರೆ. ಆ ಹೊಗೆ ವಿಷ. ಮನೆಯಲ್ಲಿ ಕೂಸಿದ್ದರಂತೂ ಬೇಡವೇ ಬೇಡ.

ನಾನು ಹೇಳುವುದು ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಮಧ್ಯ ಅಮೆರಿಕಾ ಕಡೆಯಿಂದ ಬಂದದ್ದು. ದ್ವಿದಳ ಜಾತಿ, ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುತ್ತದೆ. ಸೊಪ್ಪು ಅಡಿಕೆ ಬುಡಕ್ಕೆ, ಕಡ್ಡಿ ಒಲೆಗೆ. ಮುಂಗಾರು ಹಿಡಿದಾಗ 3–4 ಅಡಿಯ ಬಲಿತ ಕೊಂಬೆ ತಂದು, ಬುಡ ಓರೆಯಾಗಿ ಕಡಿದು, ಬದುವಿನಲ್ಲಿ 2–3 ಅಡಿಗೊಂದು ನೆಡಿ. ಎಳೇ ಚಿಗುರು ಕೊಂಬೆ ಕೊಳೆಯುತ್ತದೆ. ಮೊದಲ ವರ್ಷ ಕತ್ತಿ ತಾಗಿಸಬೇಡಿ. ಆಮೇಲೆ ವರ್ಷಕ್ಕೆ 2–3 ಸಲ ಸವರಿದರೂ ಮತ್ತೆ ಚಿಗುರುತ್ತದೆ.

ಒಣಗಿಸುವುದೇ ಮುಖ್ಯ. ಹಸಿ ಕಡ್ಡಿ ಹಾಕಿದರೆ ಅರ್ಧ ಬೆಂಕಿ ಅದರ ನೀರು ಆರಿಸಲಿಕ್ಕೇ ಹೋಗುತ್ತದೆ, ಉಳಿದದ್ದು ಹೊಗೆ. ಸಂಕ್ರಾಂತಿ ಕಳೆದ ಮೇಲೆ ಕಡಿದು, ಬೇಸಿಗೆ ಬಿಸಿಲಿಗೆ ಹಾಕಿ, ಸಣ್ಣ ಸಣ್ಣ ಕಟ್ಟು ಕಟ್ಟಿ, ರೋಹಿಣಿ ಮಳೆಗೆ ಮುಂಚೆ ಅಟ್ಟ ಸೇರಿಸಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊರತಂದ ಅಸ್ತ್ರ ಒಲೆಗೂ ಸಣ್ಣಗೆ ಕಡಿದ ಒಣ ಸೌದೆಯೇ ಬೇಕಿತ್ತು. ಕೊರಡು ತುರುಕಿ ಒಲೆಯನ್ನು ಬೈದರೆ ಅದೇನು ಮಾಡೀತು!

ತೊಗರಿಕಡ್ಡಿ, ಮೆಕ್ಕೆಜೋಳದ ಬೆಂಡು ಬೇಗ ಹತ್ತುತ್ತವೆ, ಹೊಲದಲ್ಲೇ ಸುಡಬೇಡಿ. ಲಂಟಾನವೂ ಚೆನ್ನಾಗಿ ಉರಿಯುತ್ತದೆ. ಆದರೆ ಅದನ್ನು ಬೆಳೆಸಬೇಡಿ, ಬೇರು ಸಮೇತ ಕಿತ್ತು ತನ್ನಿ. ಸೊಪ್ಪು ದನಕ್ಕೆ ವಿಷ. ಹಿತ್ತಲಿನ ಕಣಗಿಲೆ ಮಾತ್ರ ಒಲೆಗೆ ಹಾಕಲೇಬಾರದು, ಅದರ ಹೊಗೆಯೂ ಕೆಟ್ಟದ್ದು. ಕಳ್ಳಿ ಕಡಿಯುವಾಗ ಹಾಲು ಕಣ್ಣಿಗೆ ಸಿಡಿದೀತು, ಜೋಕೆ.

ನಮ್ಮ ಗೋದಾಮಿನ ಹಿಂದಿನ ಬೇಲಿಯಲ್ಲಿ ಗೊಬ್ಬರದ ಗಿಡ ಬೇಕಾದಷ್ಟಿದೆ. ಮುಂಗಾರು ಬಿದ್ದ ಮೊದಲ ವಾರ ಸವರಿಸುತ್ತೇವೆ. ನೆಡಲು ಕೊಂಬೆ ಬೇಕಾದವರು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ದುಡ್ಡು ಬೇಡ, ಹೊರುವುದಕ್ಕೆ ಹಗ್ಗ ತನ್ನಿ.