ಮೂರರಲ್ಲಿ ಒಂದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)

ನನಗೆ ಭಾಷಣ ಬರುವುದಿಲ್ಲ, ಗ್ಯಾರೇಜಿನ ವಿಷಯ ಬರುತ್ತದೆ. ಅದನ್ನೇ ಹೇಳುತ್ತೇನೆ.

ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ಹಿರಿಯರೊಬ್ಬರು ಒಂದು ಮಳೆಗಾಲ ದಾವಣಗೆರೆಯ ನನ್ನ ಗ್ಯಾರೇಜಿಗೆ ಹಳೇ ಮಾರುತಿ 800 ತಂದರು. ಎಂಪಿಎಫ್‌ಐ ಗಾಡಿ. ಮನೆಯವರಿಗೆ ವಾರಕ್ಕೆ ಎರಡು ಸಲ ದಾವಣಗೆರೆಯಲ್ಲಿ ಡಯಾಲಿಸಿಸ್. "ಗಾಡಿ ಮಿಸ್ಸಿಂಗ್ ಹೊಡೀತೈತಪ್ಪ. ಕಂಪ್ಯೂಟರ್ ಹೋಗೈತಿ, 15,000 ಆಗ್ತೈತಿ ಅಂತ ಒಂದ್ ಕಡೆ ಹೇಳ್ಯಾರ. ಅಷ್ಟು ಎಲ್ಲಿಂದ ತರ್ಲಿ? ಮಾರಿಬಿಡ್ತೀನಿ" ಅಂದರು.

"ಯಾವಾಗ ಜಾಸ್ತಿ ಆಗ್ತೈತಿ ಯಜಮಾನ್ರೇ?" ಅಂದೆ. ಮಳೆ ಬಂದಾಗ ಅಂದರು. ಅರ್ಧ ಉತ್ತರ ಅಲ್ಲೇ ಇತ್ತು, ಆದರೆ ಅರ್ಧ ಉತ್ತರಕ್ಕೆ ದುಡ್ಡು ಕೇಳಬಾರದು.

ಆ ಎಂಜಿನ್ನಿಗೆ ಮೂರೇ ಸಿಲಿಂಡರ್. ಒಂದು ಕೈಕೊಟ್ಟರೆ ಮೂರನೇ ಒಂದು ಭಾಗ ಶಕ್ತಿ ಹೋಯಿತು. ನಿಂತಲ್ಲೇ ಗಾಡಿ ನಡುಗುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಎಂಜಿನ್ ಓಡುವಾಗಲೇ ಪ್ಲಗ್ಗಿನ ವೈರ್ ಕಿತ್ತು ನೋಡುತ್ತಿದ್ದೆವು. ಇಂಥ ಗಾಡಿಗೆ ಅದು ಬೇಡ. ಶಾಕ್ ಹೊಡೆಯುತ್ತದೆ, ಕಾಯಿಲ್ ಕೆಡಬಹುದು, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ. ಅದರ ಬದಲು ಇಂಜೆಕ್ಟರಿನ ಕನೆಕ್ಟರ್ ಒಂದೊಂದಾಗಿ ಬಿಚ್ಚಬೇಕು. ಒಂದನೆಯದು ಬಿಚ್ಚಿದೆ, ಎಂಜಿನ್ ಇನ್ನಷ್ಟು ಕುಂಟಿತು. ಮೂರನೆಯದಕ್ಕೂ ಹಾಗೇ. ಎರಡನೆಯದು ಬಿಚ್ಚಿದಾಗ ಏನೂ ಬದಲಾಗಲಿಲ್ಲ. ಕೆಲಸ ಮಾಡದವನು ಸಿಕ್ಕಿದ.

ಆದರೆ ಅವನು ಯಾಕೆ ಮಾಡುತ್ತಿಲ್ಲ? ಇದೇ ಶಾಲೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಬಲ್ಬು ಹತ್ತದಿದ್ದಾಗ ಸೆಲ್, ವೈರ್, ಬಲ್ಬು ಮೂರನ್ನೂ ಒಟ್ಟಿಗೆ ಬದಲಿಸಲು ಬಿಡುತ್ತಿರಲಿಲ್ಲ. ನಾನೂ ಒಂದೊಂದೇ ನೋಡಿದೆ. ಎರಡನೇ ಪ್ಲಗ್ ತೆಗೆದು ಒಂದನೆಯದಕ್ಕೆ ಹಾಕಿದೆ. ತೊಂದರೆ ಎರಡರಲ್ಲೇ ಉಳಿಯಿತು. ಪ್ಲಗ್ ತಪ್ಪಿಲ್ಲ. ಉದ್ದನೆ ಸ್ಕ್ರೂಡ್ರೈವರ್ ಇಂಜೆಕ್ಟರ್ ಮೇಲಿಟ್ಟು ಹಿಡಿಗೆ ಕಿವಿ ಕೊಟ್ಟೆ, ಟಿಕ್‌ಟಿಕ್ ಸರಿಯಾಗಿ ಕೇಳಿಸಿತು. ಕಂಪ್ರೆಶನ್ ಗೇಜ್ ಹಾಕಿದರೆ ಮೂರೂ ಹೆಚ್ಚೂಕಡಿಮೆ ಒಂದೇ.

ಸಂಜೆ ಷಟರ್ ಎಳೆದು, ಲೈಟ್ ಆರಿಸಿ, ಎಂಜಿನ್ ಚಾಲೂ ಮಾಡಿ ವೈರುಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿದೆ. ಎರಡನೇ ಪ್ಲಗ್ಗಿನ ವೈರಿನಿಂದ ಎಂಜಿನ್ ಹೆಡ್ಡಿಗೆ ನೀಲಿ ಕಿಡಿ ಹಾರುತ್ತಿತ್ತು. ಯಜಮಾನರು ಬಗ್ಗಿ ನೋಡಿ, "ಹಂಗಾರ ಕಂಪ್ಯೂಟರ್ ಅಲ್ಲ" ಅಂದರು. ಅವರ ದನಿ ಸ್ವಲ್ಪ ನಡುಗಿತು. ವೈರ್ ಸೆಟ್ಟಿಗೆ ಕೆಲವು ನೂರು ರೂಪಾಯಿ, ಅಷ್ಟೇ. ನಾಳೆಯ ಡಯಾಲಿಸಿಸ್ಸಿಗೆ ಅದೇ ಕಾರಿನಲ್ಲಿ ಬಂದರು.

ಆ ಹಳೇ ವೈರ್ ಇವತ್ತು ಚೀಲದಲ್ಲಿ ತಂದಿದ್ದೇನೆ, ವಿಜ್ಞಾನದ ಕೊಠಡಿಗೆ ಕೊಡುತ್ತೇನೆ. ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ. ಹತ್ತನೇ ತರಗತಿಯ ಮಕ್ಕಳು ಊಟ ಮುಗಿಸಿ ಬನ್ನಿ, ಎಲ್ಲಿದೆ ಅಂತ ಮಡಚಿ ತೋರಿಸುತ್ತೇನೆ.