ಗದ್ದೆಯ ಮೇಲೆ ಕಟ್ಟಡ: ಮೊದಲು ನೀರಿನ ದಾರಿ



ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರ್ ಉದ್ದದ ಹೆದ್ದಾರಿಯು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಗೊಂಡಿತು. ರಸ್ತೆ ಅಗಲವಾದೆಡೆ ಪಕ್ಕದ ಜಮೀನು ಭೂಪರಿವರ್ತನೆಗೊಂಡು ಹೋಟೆಲು, ಪೆಟ್ರೋಲ್ ಬಂಕು, ಗೋದಾಮು, ಮಳಿಗೆಗಳು ತಲೆಯೆತ್ತುತ್ತವೆ. ಮಲೆನಾಡಿನ ರಸ್ತೆಗಳ ಇಕ್ಕೆಲಗಳಲ್ಲಿಯೂ ಇದೇ ನಡೆಯುತ್ತಿದೆ. ಆದ್ದರಿಂದ ಮಂಡ್ಯದ ನೆಲ ಕಲಿಸುವ ಪಾಠ ಘಟ್ಟದ ಹಳ್ಳಿಗಳಿಗೂ ಸಲ್ಲುತ್ತದೆ.

ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಿಂದ ವಿಶ್ವೇಶ್ವರಯ್ಯ ನಾಲೆಯ ಮೂಲಕ ಹರಿದು ಮಂಡ್ಯದ ಖುಷ್ಕಿ ಭೂಮಿಯನ್ನು ತರಿಯಾಗಿಸಿತು. ಭತ್ತದ ರೈತನು ಗದ್ದೆಯನ್ನು ಕೆಸರು ಮಾಡುವುದು ಮಣ್ಣಿನ ರಂಧ್ರಗಳನ್ನು ಮುಚ್ಚಿ ನೀರು ನಿಲ್ಲಿಸುವುದಕ್ಕಾಗಿ. ವರ್ಷವರ್ಷದ ಉಳುಮೆಯಿಂದ ಮೇಲ್ಮಣ್ಣಿನ ಕೆಳಗೆ ಗಟ್ಟಿ ಪದರವೂ ಕಟ್ಟಿಕೊಳ್ಳುತ್ತದೆ. ತಲೆಮಾರುಗಳು ನೀರು ಹಿಡಿಯಲೆಂದೇ ಸಿದ್ಧಪಡಿಸಿದ ಈ ನೆಲದ ಮೇಲೆ, ನೀರು ನಿಲ್ಲಬಾರದಂತಹ ವಾಹನದ ಅಂಗಳವನ್ನು ಕಟ್ಟಹೊರಡುವುದೇ ಸಮಸ್ಯೆಯ ಮೂಲ.

ಲೆಕ್ಕ ಸರಳ. ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಸುಮಾರು 2 ಲಕ್ಷ ಲೀಟರ್. ಬದುವುಳ್ಳ ಗದ್ದೆ ಅದರ ಬಹುಪಾಲನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಕಾಂಕ್ರೀಟು ಹಾಸಿದ ಅಂಗಳ ಬಹುತೇಕ ಎಲ್ಲವನ್ನೂ ಕೂಡಲೇ ಹೊರಚೆಲ್ಲುತ್ತದೆ. ಆ ನೀರು ಪಕ್ಕದವನ ಬೆಳೆಗೋ ರಸ್ತೆಗೋ ನುಗ್ಗಲೇಬೇಕು. 2022ರ ಆಗಸ್ಟ್ ತಿಂಗಳ ಮಳೆಯಲ್ಲಿ ರಾಮನಗರದ ಬಳಿ ಇದೇ ಹೆದ್ದಾರಿಯ ಮೇಲೆ ನೀರು ನಿಂತು ವಾಹನಗಳು ಮುಳುಗಿದುದನ್ನು ನಾಡು ಕಂಡಿದೆ. ಹಳೆಯ ಹರಿವಿಗೆ ದಾರಿ ಉಳಿಯದಿದ್ದರೆ ನೀರು ಹೊಸ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಗದ್ದೆಗೆ ಎರಡು ಕಾಲುವೆಗಳಿರುತ್ತವೆ: ನೀರು ತರುವ ಕಾಲುವೆ, ಹೆಚ್ಚಿನ ನೀರನ್ನು ಒಯ್ಯುವ ಬಸಿಗಾಲುವೆ. ನಿವೇಶನಕ್ಕೆ ಮಣ್ಣು ತುಂಬುವಾಗ ಮೊದಲು ಮುಚ್ಚಿಹೋಗುವುದು ಬಸಿಗಾಲುವೆ. ಆಗ ಮೇಲಿನವನ ಗದ್ದೆ ಜೌಗಾಗಿ, ಕಾಲಕ್ರಮದಲ್ಲಿ ಚೌಳಾಗುತ್ತದೆ. ಕೆಳಗಿನವನಿಗೆ ಬಸಿನೀರೂ ತಪ್ಪುತ್ತದೆ. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅನೇಕ ಹಳ್ಳಿಗಳು ನಾಲೆಯ ಕೊನೆಭಾಗದಲ್ಲಿವೆ. ಮೇಲಿನ ಗದ್ದೆಗಳ ಬಸಿನೀರು ಅಂತಹ ಕೊನೆಭಾಗದ ರೈತನಿಗೆ ಒಂದು ಆಸರೆ. ಆದಕಾರಣ ನಕಾಶೆಯಲ್ಲಿರುವ ಹಳ್ಳ, ಖರಾಬು, ಕಾಲುವೆಗಳನ್ನು ಗುರುತಿಸಿ, ಅವುಗಳ ಅಗಲವನ್ನೂ ಇಳಿಜಾರನ್ನೂ ಉಳಿಸಿಕೊಳ್ಳುವುದೇ ನಿವೇಶನ ಸಿದ್ಧತೆಯ ಮೊದಲ ಕೆಲಸ.

ಎರಡನೆಯದು ಮಣ್ಣು. ಬೇರು, ಕೂಳೆ, ಸಾವಯವ ಅಂಶ ತುಂಬಿದ ಮೇಲ್ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಗರಸು ಸುರಿದರೆ, ಆ ಅಂಶ ಕೊಳೆತು ನೆಲ ಕುಸಿಯುತ್ತದೆ. ಹಾಸಿದ ಕಲ್ಲು ತಗ್ಗಾಗುತ್ತದೆ. ಸುಮಾರು 20 ಸೆಂಟಿಮೀಟರ್ ಮೇಲ್ಮಣ್ಣನ್ನು ತೆಗೆದು ಬೇರೆ ಹೊಲಗಳಿಗೆ ಒದಗಿಸುವುದು ಲೇಸು. ಅಂತಹ ಮಣ್ಣು ರೂಪುಗೊಳ್ಳಲು ಶತಮಾನಗಳು ಬೇಕು. ಬಳಿಕ ಗರಸನ್ನು 20ರಿಂದ 25 ಸೆಂಟಿಮೀಟರ್‌ಗಳ ಪದರಗಳಲ್ಲಿ ಹರಡಿ, ತಕ್ಕಷ್ಟು ತೇವ ಕೊಟ್ಟು, ರೋಲರ್ ಓಡಿಸಿ, ಪ್ರತಿ ಪದರದ ಬಿಗಿತವನ್ನು ಪರೀಕ್ಷಿಸಬೇಕು. ಒಮ್ಮೆಗೇ ನಾಲ್ಕಡಿ ಸುರಿದು ಮೇಲಷ್ಟೇ ಉರುಳಿಸಿದರೆ ಒಳಗಿನದು ಸಡಿಲವಾಗಿಯೇ ಉಳಿಯುತ್ತದೆ. ಗರಸು ಕೂಡ ಯಾವುದೋ ಊರಿನ ಗುಡ್ಡದಿಂದಲೇ ಬರುತ್ತದೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಮೂರನೆಯದು ಕೊಳವೆಗಳು. ನೀರು, ಒಳಚರಂಡಿ, ವಿದ್ಯುತ್ತಿನ ಕಂದಕಗಳನ್ನು ಕಲ್ಲು ಹಾಸುವ ಮೊದಲೇ ತೋಡಬೇಕು. ಕುಡಿಯುವ ನೀರಿನ ಕೊಳವೆ ಕೊಳಚೆ ಕೊಳವೆಗಿಂತ ಮೇಲೆ, ಅದರಿಂದ ದೂರವಿರಬೇಕು. ಕಂದಕವನ್ನೂ ಪದರಪದರವಾಗಿ ದಮ್ಮಸು ಮಾಡಿ ಮುಚ್ಚಬೇಕು. ಅಂತರ್ಜಲ ಮೇಲೆಯೇ ಇರುವ ಗದ್ದೆಯಲ್ಲಿ ಇಂಗುಗುಂಡಿ ಕೆಲಸ ಮಾಡದು. ಕೊಳಚೆ ನೇರವಾಗಿ ನೆರೆಯ ಬಾವಿ ಸೇರುತ್ತದೆ. ಚೌಳು ನೆಲವಾದರೆ ಲವಣಗಳು ಸಿಮೆಂಟನ್ನೂ ಕಬ್ಬಿಣವನ್ನೂ ತಿನ್ನುತ್ತವೆ. ಮಣ್ಣುಪರೀಕ್ಷೆ ರೈತನಿಗೆ ಮಾತ್ರವಲ್ಲ, ಕಟ್ಟುವವನಿಗೂ ಅಗತ್ಯ.

ಕಡೆಯದು ಹಾಸು. ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರಿರಲಿ. ಅದು ಕಟ್ಟಡದಿಂದ ಹೊರಕ್ಕೆ, ಅಂಗಳದೊಳಗಿನ ತಡೆಹೊಂಡದ ಕಡೆಗೆ ಇರಲಿ. ಹೊಂಡ ತುಂಬಿದ ಮೇಲಷ್ಟೇ ನೀರು ಬಸಿಗಾಲುವೆಗೆ ಇಳಿಯಲಿ. ವಾಹನಗಳ ಎಣ್ಣೆಯನ್ನು ಅದಕ್ಕೂ ಮೊದಲೇ ತಡೆಯಬೇಕು. ಸಂದುಗಳಲ್ಲಿ ನೀರಿಳಿಯುವ ಕಲ್ಲುಗಳ ಪ್ರಚಾರ ಬಹಳವಿದೆ. ಆದರೆ ಜಿಗುಟು ಮಣ್ಣಿನ ಮೇಲೆ, ಕೆಳಗೆ ಜಲ್ಲಿಯ ಪದರ ಮತ್ತು ಬಸಿಕೊಳವೆ ಇಲ್ಲದಿದ್ದರೆ ಅವು ಕೆಸರನ್ನೇ ಕಾರುತ್ತವೆ.

ಮಲೆನಾಡಿನಲ್ಲಿ ಗುಡ್ಡ ಕಡಿದ ಮಣ್ಣು ಕೆಳಗಿನ ಕಣಿವೆಯ ಗದ್ದೆಯನ್ನು ತುಂಬುತ್ತದೆ. ಮಂಡ್ಯದಲ್ಲಿ ನಿಂತ ನೀರಿನ ತೊಂದರೆಯಾಗಿರುವುದು ಇಲ್ಲಿ ಜರಿಯುವ ಮಣ್ಣಿನ ಅಪಾಯವೂ ಆಗುತ್ತದೆ. ಭೂಪರಿವರ್ತನೆಯ ಮಾತು ಊರಿಗೆ ಬಂದಾಗ ಗ್ರಾಮಸಭೆ ಮೂರು ಪ್ರಶ್ನೆ ಕೇಳಲಿ: ಈ ಜಮೀನಿನ ನೀರು ಈವರೆಗೆ ಎಲ್ಲಿಗೆ ಹೋಗುತ್ತಿತ್ತು? ಇನ್ನು ಎಲ್ಲಿಗೆ ಹೋಗುತ್ತದೆ? ತುಂಬುವ ಮಣ್ಣು ಎಲ್ಲಿಂದ ಬರುತ್ತದೆ? ಉತ್ತರ ಬಾಯಿಮಾತಿನಲ್ಲಿ ಬೇಡ, ನಕಾಶೆಯ ಮೇಲೆ ಬರಲಿ. ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿಯೇ ತಮ್ಮೂರಿನ ಬಸಿಗಾಲುವೆಗಳನ್ನು ನಡೆದು ನೋಡಿ ಗುರುತು ಹಾಕಿಟ್ಟರೆ, ಆ ನಕಾಶೆಯನ್ನು ಪರಿಶೀಲಿಸುವ ಶಕ್ತಿ ಊರಿಗೇ ಇರುತ್ತದೆ.